ಹೇಳದೆ ಬಿಟ್ಟ ದಾರಿ

ಸೆಪ್ಟೆಂಬರ್ ೨೯, ೧೮೫೦, ಭಾನುವಾರ
ನ್ಯೂ ಬೆಡ್‌ಫರ್ಡ್

ಬೆಮಿಸ್ ಸಾಹೇಬರ ಹೆಂಡತಿ, ಅಕ್ಷರ ದುಂಡಗಾಗಲು ದಿನಾ ನಾಲ್ಕು ಸಾಲು ಬರೆ ಅಂದಿದ್ದಾರೆ. ಏನು ಬರೆಯಲಿ ಎಂದು ಕೇಳಿದ್ದಕ್ಕೆ ಮನಸ್ಸಿಗೆ ತೋಚಿದ್ದು ಅಂದರು. ತೋಚಿದ್ದನ್ನೆಲ್ಲ ಬರೆಯುವುದು ನನ್ನಂಥವಳಿಗೆ ಕ್ಷೇಮವಲ್ಲ ಎಂದು ಅವರಿಗೆ ಹೇಳಲಿಲ್ಲ. ಕಾಗದ ಅವರದು, ಮಸಿಯೂ ಅವರದು. ಕೊಟ್ಟವರಿಗೆ ಎದುರು ಮಾತಾಡುವುದು ಸರಿಯಲ್ಲ.

ಇವತ್ತು ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಹೊಸ ಕಾನೂನನ್ನು ಓದಿ ಹೇಳಿದರು. ಓಡಿಬಂದ ಗುಲಾಮರನ್ನು ಇನ್ನು ಈ ಉತ್ತರದ ಊರುಗಳಲ್ಲೂ ಹಿಡಿದುಕೊಂಡು ಹೋಗಬಹುದಂತೆ. ಹಿಡಿಯಲು ಬಂದವನು ಕರೆದರೆ ಊರಿನವರು ಕೈಜೋಡಿಸಲೇಬೇಕಂತೆ. ಸಿಕ್ಕಿಬಿದ್ದವರು ತಮ್ಮ ಪರವಾಗಿ ಒಂದು ಮಾತೂ ಆಡುವಂತಿಲ್ಲ. ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು. ಹೊರಗೆ ಬಂದ ಮೇಲೆ ಯಾರೂ ನಿಂತು ಮಾತಾಡಲಿಲ್ಲ.

ಮನೆಗೆ ಬಂದು ಹೆಪ್ಸಿ ಚಿಕ್ಕಮ್ಮ ಟೋಪಿ ಬಿಚ್ಚುತ್ತ ಕೇಳಿದಳು. ನಾನಿರುವುದು ಅವಳ ಮನೆಯಲ್ಲಿ, ಚಿಕ್ಕಮ್ಮ ಅನ್ನುವುದು ರೂಢಿಯಿಂದ. ಕರಿಯಳಾದರೂ ನನ್ನಂತೆ ಓಡಿಬಂದವಳಲ್ಲ, ಹುಟ್ಟಿನಿಂದಲೇ ಸ್ವತಂತ್ರಳು. ಗಂಡ ತಿಮಿಂಗಿಲ ಬೇಟೆಗೆ ಹೋದವನು ಸಮುದ್ರದಲ್ಲೇ ಉಳಿದ. ನಾವಿಬ್ಬರೂ ಕಪ್ತಾನರ ಮನೆಗಳ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಬದುಕುತ್ತೇವೆ.

"ಕೆನಡಾಕ್ಕೆ ಹೋಗೋರು ಈಗ್ಲೇ ಗಂಟುಮೂಟೆ ಕಟ್ತಿದಾರೆ. ನೀನೂ ಹೊರಡ್ತೀಯೇನೇ?"

"ಇಲ್ಲ ಚಿಕ್ಕಮ್ಮ."

"ಯಾಕೆ ಅಂತ ನಾನು ಕೇಳಲ್ಲ. ಕೇಳಿದ್ರೆ ನೀನು ಹೇಳ್ಬಿಡ್ತೀಯ, ಆಮೇಲೆ ನಂಗೆ ಗೊತ್ತಾಗ್ಬಿಡುತ್ತೆ."

ನಮ್ಮವರಲ್ಲಿ ಇದು ಪದ್ಧತಿ. ಯಾರು ಎಲ್ಲಿಂದ ಬಂದರು, ಹೇಗೆ ಬಂದರು ಎಂದು ಒಬ್ಬರನ್ನೊಬ್ಬರು ಕೇಳುವುದಿಲ್ಲ. ಗೊತ್ತಿಲ್ಲದ್ದನ್ನು ಹೊಡೆದರೂ ಬಾಯಿ ಬಿಡಿಸಲಾಗುವುದಿಲ್ಲ.

ಕಾರಣ ಇಷ್ಟು. ನನ್ನ ತಂಗಿ ಲೈನಾ ಇನ್ನೂ ದಕ್ಷಿಣದ ಮೇರಿಲ್ಯಾಂಡಿನಲ್ಲಿ ಹೆಂಬ್ರಿ ಧಣಿಗಳ ಮನೆಯಲ್ಲಿದ್ದಾಳೆ. ಗುಲಾಮರಿಗೆ ರಜೆ ಸಿಗುವ ಕ್ರಿಸ್ಮಸ್ ವಾರದಲ್ಲಿ ಬರುತ್ತಾಳೆಂದು ಬಾಯಿಂದ ಬಾಯಿಗೆ ಸುದ್ದಿ ತಲುಪಿದೆ. ನಾನು ಬಂದ ದಾರಿಯಲ್ಲೇ ಬರುತ್ತಾಳೆ. ಆ ದಾರಿ ಯಾವುದೆಂದು ಇಲ್ಲೂ ಬರೆಯುವುದಿಲ್ಲ.

ಅಕ್ಟೋಬರ್ ೯, ಬುಧವಾರ

ಬೆಮಿಸ್ ಸಾಹೇಬರು ಬಾಸ್ಟನ್ನಿನಿಂದ ಬಂದಿದ್ದರು. ಗುಲಾಮಗಿರಿ ವಿರೋಧಿ ಸಂಘವೊಂದರ ಕಾರ್ಯದರ್ಶಿಗಳು, ದೊಡ್ಡ ಮನುಷ್ಯರು. ನನ್ನನ್ನು ಮೊದಲು ವೇದಿಕೆ ಹತ್ತಿಸಿದವರು ಅವರೇ, ಈಗ ನನ್ನ ಜೀವನದ ಕಥೆಯನ್ನು ಪುಸ್ತಕ ಮಾಡಿಸುತ್ತಿರುವವರೂ ಅವರೇ. ಗುಲಾಮರು ಬೆಳೆದ ಸಕ್ಕರೆ ಮುಟ್ಟುವುದಿಲ್ಲ, ಹತ್ತಿ ಬಟ್ಟೆ ತೊಡುವುದಿಲ್ಲ. ಅವರ ಸಪ್ಪೆ ಚಹಾ ಕಂಡರೆ ಚಿಕ್ಕಮ್ಮನಿಗೆ ನಗು.

ಆರು ಅಧ್ಯಾಯ ಓದಿ ಸಾಹೇಬರು ಕಣ್ಣೊರೆಸಿಕೊಂಡರು. ಆಮೇಲೆ, "ಏಳನೇದು ಎಲ್ಲಿ, ಸಹೋದರಿ ಜೂಡಿತ್?" ಅಂದರು.

"ಇನ್ನೂ ಬರೆದಿಲ್ಲ ಸಾಹೇಬ್ರೇ."

"ಜನ ಕಾಯೋದೇ ಅದಕ್ಕೆ. ಹೇಗೆ ತಪ್ಪಿಸಿಕೊಂಡೆ, ಯಾರು ಸಹಾಯ ಮಾಡಿದ್ರು, ಎಲ್ಲಿ ಅಡಗಿದ್ದೆ. ಬಾಲ್ಟಿಮೋರಿನ ಪತ್ರಿಕೆಯವರು ಏನು ಬರೆದಿದಾರೆ ಗೊತ್ತಾ? ಇಂಥಾ ಹೆಂಗಸು ಮೇರಿಲ್ಯಾಂಡಿನಲ್ಲಿ ಇರ್ಲೇ ಇಲ್ಲ, ಉತ್ತರದವರು ಮಾತು ಕಲಿಸಿ ನಿಲ್ಲಿಸಿದ ಬೊಂಬೆ ಅಂತ. ನೀನು ಇಷ್ಟು ಚೆನ್ನಾಗಿ ಮಾತಾಡೋದೇ ತಪ್ಪಾಗಿದೆ. ಪುರಾವೆ ಬೇಕಮ್ಮ."

ನೋಡ್ತೀನಿ ಸಾಹೇಬ್ರೇ ಅಂದೆ. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವರು ನನಗೆ ಎಷ್ಟೊಂದು ಮಾಡಿದ್ದಾರೆ.

ಅವರು ಹೋದ ಮೇಲೆ ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆ ಕುಕ್ಕಿದಳು. "ನೋಡ್ತೀನಿ ಅಂದ್ಯಲ್ಲ, ಏನ್ ನೋಡ್ತೀಯ? ನೆಟ್ಟಗೆ ಆಗಲ್ಲ ಅನ್ನೋಕೆ ನಾಲಿಗೆ ಇಲ್ವಾ? ಸಭೇಲಿ ಗುಡುಗ್ತಾಳಂತೆ ಇವಳು."

"ಸಭೇಲಿ ಎಲ್ಲರೂ ದೂರ ಕೂತಿರ್ತಾರೆ ಚಿಕ್ಕಮ್ಮ."

ಅಕ್ಟೋಬರ್ ೨೦, ಭಾನುವಾರ

ಅಮ್ಮ ಸತ್ತ ದಿನವನ್ನು ಮತ್ತೆ ತಿದ್ದಿ ಬರೆದೆ. ಆವತ್ತು ದೊಡ್ಡಮನೆಗೆ ನೆಂಟರು ಬಂದಿದ್ದರು. ಅಮ್ಮ ಅಡುಗೆಯವಳು. ಬೆಳಿಗ್ಗೆ ಒಲೆ ಮುಂದೆ ಕುಸಿದಳು, ಮಧ್ಯಾಹ್ನದ ಹೊತ್ತಿಗೆ ಜೀವ ಹೋಯಿತು. ಊಟ ತಡವಾಗಬಾರದು ಎಂದು ಧಣಿಗಳು ಹೇಳಿ ಕಳಿಸಿದರು. ಅಮ್ಮನನ್ನು ಗುಡಿಸಲಲ್ಲಿ ಮಲಗಿಸಿ, ಮುಖ ತೊಳೆದುಕೊಂಡು, ನಾನೂ ಲೈನಾಳೂ ಬಡಿಸಿದೆವು.

ಪುಸ್ತಕದಲ್ಲಿ ನಾನೊಬ್ಬಳೇ ಬಡಿಸಿದ್ದೇನೆ. ಲೈನಾಳನ್ನು ಎಲ್ಲ ಅಧ್ಯಾಯಗಳಿಂದಲೂ ತೆಗೆದಿದ್ದೇನೆ. ತಂಗಿಗಾಗಿ ನಾನು ಹಂಬಲಿಸುವುದು ಅಚ್ಚಿನಲ್ಲಿ ಕಂಡರೆ ಅಲ್ಲಿಯವರ ಕಣ್ಣು ಅವಳ ಮೇಲೆ ಬೀಳುತ್ತದೆ, ಕರೆಸಿಕೊಳ್ಳುತ್ತಾಳೆ ಎಂದು ಕಾವಲು ಹಾಕುತ್ತಾರೆ. ನಾನು ಅವಳನ್ನು ಮರೆತುಬಿಟ್ಟಿದ್ದೇನೆ ಎಂದುಕೊಂಡರೆ ಒಳ್ಳೆಯದು. ಧಣಿಗಳ ಹೆಸರನ್ನೂ ಊರಿನ ಹೆಸರನ್ನೂ ಬದಲಾಯಿಸಿದ್ದೇನೆ.

ಆದರೂ ಅವಳ ಹೆಸರಿನ ಮೇಲೆ ಗೀಟು ಎಳೆಯುವಾಗ ಅಳು ಬಂತು. ಅವಳಿಗಾಗ ಹನ್ನೆರಡೋ ಹದಿಮೂರೋ. ಆ ದೊಡ್ಡ ಮಾಂಸದ ತಟ್ಟೆ ಹೊತ್ತವಳು ಅವಳೇ.

ನವೆಂಬರ್ ೧೩, ಬುಧವಾರ

ಇವತ್ತು ಬರೆಯಲಾರೆ.

ನವೆಂಬರ್ ೧೪, ಗುರುವಾರ

ಮಂಗಳವಾರ ಟಾಂಟನ್ ಊರಿನಲ್ಲಿ ಸಭೆಯಿತ್ತು. ಭವನ ತುಂಬಿತ್ತು. ನಾನು ಚೆನ್ನಾಗಿಯೇ ಮಾತಾಡುತ್ತಿದ್ದೆ. ಬೆಮಿಸ್ ಸಾಹೇಬರು ಪಕ್ಕದಲ್ಲಿ ಕೂತಿದ್ದರು, ಚಿಕ್ಕಮ್ಮ ಮುಂದಿನ ಸಾಲಿನಲ್ಲಿದ್ದಳು. ಹಿಂದಿನಿಂದ ಯಾರೋ, ನೀನು ಗುಲಾಮಗಿರಿಯಲ್ಲಿ ಇದ್ದದ್ದಕ್ಕೆ ಸಾಕ್ಷಿ ಏನು ಎಂದು ಕೂಗಿದರು. ಅದು ಯಾವಾಗಲೂ ಇದ್ದದ್ದೇ. ನಾನು ಉತ್ತರ ಕೊಡಲು ಆ ಕಡೆ ತಿರುಗುವಷ್ಟರಲ್ಲಿ ಗೋಡೆಯ ಹತ್ತಿರದಿಂದ ಇನ್ನೊಂದು ದನಿ ಬಂತು. ಜೋರಾಗೇನೂ ಇರಲಿಲ್ಲ.

"ಟೆಂಪಿ, ನನ್ನ ಬೂಟು ಎಲ್ಲಿ?"

ಅದು ನನ್ನ ಹಳೆಯ ಹೆಸರು. ಇಲ್ಲಿ ಯಾರಿಗೂ ಗೊತ್ತಿಲ್ಲದ್ದು.

"ಈಗ ತರ್ತೀನಿ, ಧಣಿ" ಅಂದೆ.

ಅಂದೇಬಿಟ್ಟೆ. ತಲೆ ತಾನಾಗಿ ಬಗ್ಗಿತ್ತು, ಕೈಗಳು ಮುಂದಕ್ಕೆ ಬಂದು ಒಂದರ ಮೇಲೊಂದು ಕೂತಿದ್ದವು, ಮಾತು ಕೂಡ ಅಲ್ಲಿಯ ಮಾತೇ ಆಗಿತ್ತು. ವೇದಿಕೆಯ ಮೆಟ್ಟಿಲ ಕಡೆಗೆ ಎರಡು ಹೆಜ್ಜೆ ಇಟ್ಟೂ ಆಗಿತ್ತು. ಆಮೇಲೆ ನೋಡಿದರೆ ಅವನು ಸ್ಪೆನ್ಸ್, ಹೆಂಬ್ರಿಯ ಭಾವಮೈದುನ. ಪ್ರತಿ ಕ್ರಿಸ್ಮಸ್‌ಗೆ ಅಲ್ಲಿಗೆ ಬರುತ್ತಿದ್ದವನು. ತಿಮಿಂಗಿಲದ ಎಣ್ಣೆ ಕೊಳ್ಳಲು ಈ ಕಡೆ ಬಂದಿದ್ದನಂತೆ. ಅವನು ಟೋಪಿ ಹಾಕಿಕೊಂಡು ನಗುತ್ತ ಹೊರಗೆ ಹೋದ.

ಚಿಕ್ಕಮ್ಮ ವೇದಿಕೆ ಹತ್ತಿ ಬಂದು ನನ್ನ ರಟ್ಟೆ ಹಿಡಿದು ಕೆಳಗಿಳಿಸಿದಳು.

"ಹೋಗಲಿ ಬಿಡು. ಅದು ನೀನು ಆಡಿದ ಮಾತಲ್ಲ, ಅವರು ಹೊಡೆದು ಹೊಡೆದು ಒಳಗೆ ಇಟ್ಟಿದ್ದ ಮಾತು" ಅಂದಳು.

ನನಗೆ ನಾಚಿಕೆಯಾಗುತ್ತಿದೆ. ಇಷ್ಟು ವರ್ಷ ಇಲ್ಲಿದ್ದು, ಓದು ಕಲಿತು, ಪುಸ್ತಕ ಬರೆದು, ಒಂದು ಕೂಗಿಗೆ ಬೂಟು ತರಲು ಹೊರಟೆ. ಸಾವಿರ ಕಣ್ಣುಗಳ ಎದುರು. ಇದಕ್ಕಿಂತ ಅವನು ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ನವೆಂಬರ್ ೧೬, ಶನಿವಾರ

ಬೀದಿಯ ಗಂಡಸರು ಸರದಿಯಂತೆ ನಮ್ಮ ಬಾಗಿಲು ಕಾಯುತ್ತಿದ್ದಾರೆ. ಬಾಗಿಲ ಪಕ್ಕದ ಒಲೆಯ ಮೇಲೆ ಬಟ್ಟೆಗೆ ಹಾಕುವ ಗಂಜಿ ಸದಾ ಕುದಿಯುತ್ತಿರಬೇಕೆಂದು ಚಿಕ್ಕಮ್ಮನ ಅಪ್ಪಣೆ. "ಹಿಡಿಯೋಕೆ ಬಂದವರ ಮುಖಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿ ಕಳಿಸೋಣ" ಅನ್ನುತ್ತಾಳೆ.

ಬೆಮಿಸ್ ಅವರು ಬಂದರು. ಮುಖದಲ್ಲಿ ಎಂಥ ಸಂತೋಷ! ನನ್ನ ಎರಡೂ ಕೈ ಹಿಡಿದುಕೊಂಡರು.

"ಇನ್ನು ಯಾರೂ ಬಾಯೆತ್ತೋ ಹಾಗಿಲ್ಲ. ಇಡೀ ಭವನ ಕಣ್ಣಾರೆ ಕಂಡಿದೆ. ಸಾವಿರ ಭಾಷಣ ಮಾಡಿದ್ರೂ ಇಂಥಾ ಪುರಾವೆ ಸಿಗ್ತಿರ್ಲಿಲ್ಲ, ಸಹೋದರಿ."

ನಾನು ಕೈ ಬಿಡಿಸಿಕೊಂಡೆ. ಇಸ್ತ್ರಿ ಕಾದಿತ್ತು.

"ಪುಸ್ತಕದಲ್ಲಿ ಇನ್ನು ನಿಜವಾದ ಹೆಸರುಗಳನ್ನೇ ಹಾಕಬಹುದು. ನೀನು ಎಲ್ಲಿದೀಯ ಅಂತ ಅವರಿಗೆ ಹೇಗೂ ಗೊತ್ತಾಯ್ತು."

"ಹಾಕಿ. ನನ್ನದೂ ಹಾಕಿ, ಹೆಂಬ್ರಿಯದೂ ಹಾಕಿ."

"ಹಾಗೇ ಏಳನೇ ಅಧ್ಯಾಯ. ಮುಚ್ಚಿಡೋಕೆ ಇನ್ನೇನು ಉಳಿದಿದೆ?"

ಇವರು ಇಷ್ಟು ದಿನ ನಾನು ನನ್ನ ಸಲುವಾಗಿ ಹೆದರಿದ್ದೇನೆ ಎಂದುಕೊಂಡಿದ್ದರು. ಒಳ್ಳೆಯವರು, ಆದರೆ ಎಲ್ಲವನ್ನೂ ಹೇಳಿಬಿಡುವುದೇ ಒಳ್ಳೆಯತನ ಎಂದು ತಿಳಿದವರು. ನಮ್ಮ ಪದ್ಧತಿ ಇವರಿಗೆ ಗೊತ್ತಾಗುವುದು ಹೇಗೆ? ಇವರನ್ನು ಯಾರೂ ಯಾವತ್ತೂ ಹೊಡೆದು ಬಾಯಿ ಬಿಡಿಸಿಲ್ಲ.

"ಅದನ್ನ ಬರೆಯಲ್ಲ. ಒಂದು ಸಾಲು ಕೊಡ್ತೀನಿ, ಅಷ್ಟೇ ಏಳನೇ ಅಧ್ಯಾಯ."

ಅವರು ಬಹಳ ಹೊತ್ತು ಒತ್ತಾಯಿಸಿದರು. ಕೊನೆಗೆ ನಿಟ್ಟುಸಿರು ಬಿಟ್ಟು, "ಆಗ್ಲಿ, ನನ್ನ ಮುನ್ನುಡಿಯಲ್ಲಿ ನನಗೆ ತಿಳಿದಷ್ಟನ್ನ ನಾನೇ ತುಂಬಿಕೊಟ್ಟಿದೀನಿ. ಆಗ್ಲೇ ಅಚ್ಚುಮನೆಗೆ ಹೋಗಿದೆ" ಅಂದರು.

ನನ್ನಂಥವರ ಪುಸ್ತಕ ಒಬ್ಬ ಬಿಳಿಯ ಮಹನೀಯರ ಮುನ್ನುಡಿಯಿಲ್ಲದೆ ಬರುವುದಿಲ್ಲ. ಈಕೆ ಹೇಳುವುದು ನಿಜ, ನಾನು ಈಕೆಯನ್ನು ಬಲ್ಲೆ ಎಂದು ಅವರು ಮೊದಲು ಹೇಳಬೇಕು, ಆಮೇಲೆ ನಾವು ಬಾಯಿ ತೆರೆಯಬೇಕು. ಅದು ನನಗೆ ಗೊತ್ತಿತ್ತು. ಆದರೆ ಇವರಿಗೆ ತಿಳಿದಿರುವುದಾದರೂ ಏನು? ನಾನು ಏನೂ ಹೇಳಿಲ್ಲವಲ್ಲ.

ನವೆಂಬರ್ ೧೯, ಮಂಗಳವಾರ

ಬಾಸ್ಟನ್ನಿಗೆ ಹೋಗಿ ಬಂದೆ. ರೈಲಿನಲ್ಲಿ ಹಿಡಿದಾರು ಎಂದು ಚಿಕ್ಕಮ್ಮ ಎಷ್ಟು ಬೈದಳೋ ಲೆಕ್ಕವಿಲ್ಲ. ಬೈದು ಬೈದು ಕೊನೆಗೆ ತಾನೂ ಜೊತೆಗೆ ಹೊರಟಳು.

ಅಚ್ಚುಮನೆಯಲ್ಲಿ ಮುನ್ನುಡಿಯ ಕರಡು ಕೇಳಿ ಪಡೆದು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ನನ್ನ ಓದು ನಿಧಾನ. ಈಕೆಯ ಮಾತುಗಳನ್ನು ನಾನು ಸ್ವತಃ ಪರೀಕ್ಷಿಸಿದ್ದೇನೆ ಎಂದಿತ್ತು. ಈಕೆಯ ಸ್ವಭಾವ ಸೌಮ್ಯ ಎಂದಿತ್ತು. ಅದರ ಕೆಳಗೆ, ಈ ವೀರ ಮಹಿಳೆ ತನ್ನ ದಾರಿಯನ್ನು ವಿನಯದಿಂದ ಮರೆಮಾಚಿದ್ದರೂ, ಸೌದೆ ಸಾಗಿಸುವ ಹಡಗಿನಲ್ಲಿ ಪೈನ್ ಮರದ ರಾಶಿಯ ಅಡಿಯಲ್ಲಿ ಮಲಗಿ ಕೊಲ್ಲಿಯನ್ನು ದಾಟಿದಳೆಂದು ತಿಳಿದುಬಂದಿದೆ ಎಂದಿತ್ತು.

ಬರೆಯಬಾರದೆಂದಿದ್ದನ್ನು ಈಗ ಬರೆದೆ, ಈ ಹಾಳೆಯನ್ನು ಬಚ್ಚಿಡಬೇಕು. ಹೇಳಿದವಳು ನಾನೇ. ಹೋದ ಚಳಿಗಾಲದಲ್ಲಿ ಅವರ ಮನೆಯಲ್ಲಿ ಬೆಂಕಿಗೂಡಿನ ಪಕ್ಕ ಕೂರಿಸಿದ್ದರು. ಪೈನ್ ಸೌದೆಯ ವಾಸನೆ ತಡೆಯಲಾರೆ ತಾಯಿ, ಅದರ ಅಡಿಯಲ್ಲಿ ಮಲಗಿ ಬಂದವಳು ಎಂದು ಅವರ ಹೆಂಡತಿಗೆ ಅಂದಿದ್ದೆ. ಬಿಸಿ ಚಹಾ ಕೊಟ್ಟಿದ್ದರು, ಹೊದೆಯಲು ಶಾಲು ಕೊಟ್ಟಿದ್ದರು, ನಾಲಿಗೆ ಸಡಿಲವಾಗಿತ್ತು.

ಆ ಕೊಲ್ಲಿಯಲ್ಲಿ ಸೌದೆ ಸಾಗಿಸುವ ಕರಿಯ ಕಪ್ತಾನರು ಎಷ್ಟು ಜನ ಇದ್ದಾರು? ಎಲ್ಲರ ಹಡಗನ್ನೂ ತಲೆಕೆಳಗು ಮಾಡಿ ನೋಡುತ್ತಾರೆ. ನನ್ನನ್ನು ದಾಟಿಸಿದ ಆ ಮನುಷ್ಯನನ್ನು ಗಲ್ಲಿಗೆ ಹಾಕದಿದ್ದರೂ ಸಾಯುವವರೆಗೆ ಸೆರೆಯಲ್ಲಿಡುತ್ತಾರೆ. ಸೌದೆಯ ಅಡಿಯಲ್ಲಿ ಲೈನಾ ಸಿಕ್ಕಿಬೀಳುತ್ತಾಳೆ.

ಅಷ್ಟರಲ್ಲಿ ಬೆಮಿಸ್ ಬಂದರು.

"ಇದನ್ನ ತೆಗೆಸಿ" ಅಂದೆ.

"ಆ ವಾಕ್ಯವಾ? ಅದೇ ಅಲ್ವೇ ಜನ ಮೆಚ್ಚೋದು. ಆಗ್ಲಿ, ನಿನಗೆ ಅಷ್ಟು ಬೇಡವಾದ್ರೆ..."

"ವಾಕ್ಯ ಅಲ್ಲ. ಪೂರ್ತಿ ಮುನ್ನುಡಿ."

ಅವರಿಗೆ ನೋವಾಯಿತು. "ಪೂರ್ತಿನಾ? ನಾನು ರಾತ್ರಿ ಹಗಲು ಕೂತು ಬರೆದದ್ದು. ನನ್ನ ಮಾತಿಲ್ಲದೆ ನಿನ್ನ ಮಾತು ಯಾರು ನಂಬ್ತಾರೆ, ಜೂಡಿತ್?"

"ಹೆಂಬ್ರಿ ನಂಬ್ತಾನೆ. ಅವನು ಮಾಡಿದ್ದೆಲ್ಲ ಅವನಿಗೆ ಗೊತ್ತು."

ಅವರು ನನ್ನ ಮುಖವನ್ನೇ ನೋಡಿದರು.

"ಆ ದಾರೀಲಿ ಇನ್ನೂ ಯಾರಾದ್ರೂ ಇದಾರಾ?" ಎಂದು ಮೆಲ್ಲಗೆ ಕೇಳಿದರು.

"ಕೇಳಬೇಡಿ."

ಅವರು ಕುರ್ಚಿಯ ಮೇಲೆ ಕೂತುಬಿಟ್ಟರು. ಆಮೇಲೆ ತಾವೇ ಎದ್ದು ಹೋಗಿ ಅಚ್ಚುಮೊಳೆ ಜೋಡಿಸುವವನಿಗೆ ಹೇಳಿದರು. ಅವನು ಮುನ್ನುಡಿಯ ಪುಟಗಳಿಗೆ ಕಟ್ಟಿದ್ದ ದಾರ ಬಿಚ್ಚಿ ಸೀಸದ ಅಕ್ಷರಗಳನ್ನು ಒಂದೊಂದಾಗಿ ಅವುಗಳ ಗೂಡಿಗೆ ಹಾಕಿದ. ಕೊನೆಯ ಅಕ್ಷರ ಬೀಳುವವರೆಗೂ ನಾನು ನಿಂತು ನೋಡಿದೆ. ಕರಡು ಹಾಳೆಯನ್ನು ಚಿಕ್ಕಮ್ಮ ಅಲ್ಲೇ ಒಲೆಗೆ ಹಾಕಿದಳು. ಬೆಮಿಸ್ ನಮ್ಮನ್ನು ರೈಲಿನವರೆಗೂ ಕಳಿಸಲು ಬಂದರು. ಪಾಪ ಅನ್ನಿಸಿತು, ಆದರೆ ಸಮಾಧಾನ ಹೇಳಲಿಲ್ಲ.

ಡಿಸೆಂಬರ್ ೫, ಗುರುವಾರ

ಪುಸ್ತಕ ಬಂತು. ಮೊದಲ ಪುಟದಲ್ಲೇ ನನ್ನ ಮಾತು ಶುರುವಾಗುತ್ತದೆ. ಏಳನೆಯ ಅಧ್ಯಾಯದಲ್ಲಿ ಒಂದೇ ಸಾಲು: ನಾನು ಬಂದ ದಾರಿಯನ್ನು ಹೇಳುವುದಿಲ್ಲ, ಅದು ನನ್ನದಲ್ಲ.

ಪತ್ರಿಕೆಗಳು ಛೀಮಾರಿ ಹಾಕುತ್ತಿವೆ. ಜವಾಬ್ದಾರಿಯುಳ್ಳ ಯಾರೂ ಮುನ್ನುಡಿ ಬರೆಯದ ಪುಸ್ತಕ, ಇದರಲ್ಲೇ ಗೊತ್ತಾಗುತ್ತದೆ ಎಂದು ಒಂದು ಪತ್ರಿಕೆ ಬರೆದಿದೆ. ಬರೆಯಲಿ.

ಡಿಸೆಂಬರ್ ೨೮, ಶನಿವಾರ

ಯಾರೂ ಬಂದಿಲ್ಲ.

ಜನವರಿ ೨, ೧೮೫೧, ಗುರುವಾರ

ಕ್ರಿಸ್ಮಸ್ ವಾರ ಮುಗಿಯಿತು. ನಿನ್ನೆ ಅಲ್ಲಿ ಗುಲಾಮರನ್ನು ಹೊಸ ವರ್ಷಕ್ಕೆ ಬಾಡಿಗೆಗೆ ಹಂಚುವ ದಿನ. ಮಾರುವುದೂ ಆವತ್ತೇ. ಅಂಗಿಯ ಕಾಲರು ಸುಟ್ಟುಬಿಟ್ಟೆ, ಚಿಕ್ಕಮ್ಮ ಬೈಯಲಿಲ್ಲ. ಅವಳು ಬೈಯದೆ ಇರುವುದೇ ನನಗೆ ಹೆದರಿಕೆ.

ಪುಸ್ತಕ ಬರೆಯದೇ ಇದ್ದಿದ್ದರೆ ಎಂದು ಮನಸ್ಸು ಹೇಳುತ್ತದೆ. ವೇದಿಕೆ ಹತ್ತದೇ ಇದ್ದಿದ್ದರೆ ಸ್ಪೆನ್ಸ್ ನನ್ನನ್ನು ನೋಡುತ್ತಿರಲಿಲ್ಲ. ಅವನು ಹೋಗಿ ಹೇಳಿಯೇ ಇರುತ್ತಾನೆ. ಹೆಂಬ್ರಿ ಸಿಟ್ಟು ಯಾರ ಮೇಲೆ ತೀರಿಸಿಕೊಂಡಾನು?

ಜನವರಿ ೯, ಗುರುವಾರ

ಬೆಳಿಗ್ಗೆ ಹಿತ್ತಿಲ ಬಾಗಿಲು ಬಡಿದ ಸದ್ದಾಯಿತು. ಚಿಕ್ಕಮ್ಮ ಕುದಿಯುವ ಗಂಜಿಯ ಸೌಟು ಎತ್ತಿಕೊಂಡೇ ಬಾಗಿಲು ತೆರೆದಳು. ಹೊರಗೆ ನಮ್ಮ ಬೀದಿಯ ಕಾವಲಿನವನ ಜೊತೆ ಗಂಡಸಿನ ಕೋಟು ಹಾಕಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಮೈತುಂಬ ಮರದ ಹೊಟ್ಟು. ಸೌಟು ನೋಡಿ, "ಇಲ್ಲಿ ಬಂದವರಿಗೆ ಹೀಗಾ ಉಪಚಾರ?" ಅಂದಳು.

ಬಿಟ್ಟು ಬಂದಾಗ ಹುಡುಗಿ. ಈಗ ಅವಳಿಗೆ ಅಮ್ಮನ ದನಿ ಬಂದಿದೆ.

ಆಮೇಲೆ ಎಷ್ಟು ಹೊತ್ತು ತಬ್ಬಿಕೊಂಡಿದ್ದೆವೋ ಗೊತ್ತಿಲ್ಲ. ಚಿಕ್ಕಮ್ಮ ಮೆಕ್ಕೆಜೋಳದ ರೊಟ್ಟಿ, ಉಪ್ಪುಮೀನು ಮುಂದಿಟ್ಟಳು. ಲೈನಾ ಒಲೆಯ ಪಕ್ಕದಲ್ಲಿ ನಿಂತೇ ತಿನ್ನುತ್ತಿದ್ದಳು. ಕೂತುಕೋ ಅಂದರೆ ಹೂಂ ಅನ್ನುತ್ತಿದ್ದಳು, ಕೂರುತ್ತಿರಲಿಲ್ಲ.

ಮೇಜಿನ ಮೇಲಿದ್ದ ಪುಸ್ತಕವನ್ನು ಕಂಡು, "ಇದೇ ಅಲ್ವಾ ಅದು?" ಅಂದಳು.

"ನಿನಗೆ ಹೇಗೆ ಗೊತ್ತು?"

"ಪೂರ್ತಿ ಕೇಳಿದೀನಿ ಅಕ್ಕ. ಸ್ಪೆನ್ಸ್ ಕಳಿಸಿಕೊಟ್ಟ. ಧಣಿ ನೆಂಟರನ್ನೆಲ್ಲ ಕೂರಿಸಿಕೊಂಡು ಊಟ ಆದ ಮೇಲೆ ದಿನಾ ಓದ್ತಿದ್ದ. ನೀನು ಹೇಗೆ ಓಡಿಹೋದೆ ಅಂತ ಅದರಲ್ಲಿ ಇದೆಯೇನೋ ಅಂತ ಹುಡುಕ್ತಿದ್ದ. ನಾನು ಅವನ ಕುರ್ಚಿ ಹಿಂದೆ ನಿಂತಿರ್ತಿದ್ದೆ, ತಟ್ಟೆ ಹಿಡ್ಕೊಂಡು."

ನಾನು ಅವಳ ಮುಂದೆ ಇನ್ನೊಂದು ರೊಟ್ಟಿ ಇಟ್ಟೆ.

"ಏಳನೇದು ಬಂದಾಗ ಪುಸ್ತಕ ಎಸೆದ. ಇದೆಲ್ಲ ಸುಳ್ಳು ಅಲ್ವೇನೇ ಲೈನಾ ಅಂತ ನನ್ನ ಕೇಳಿದ. ಹೌದು ಧಣಿ, ಎಲ್ಲಾ ಸುಳ್ಳು ಅಂದೆ. ಎಲ್ಲರೂ ನಕ್ಕರು." ಅವಳು ರೊಟ್ಟಿ ಮುರಿದಳು. "ಆಮೇಲೆ ಅವನಿಗೆ ಏನೋ ಹೊಳೀತು. ನೋಡಿದ್ಯಾ, ನಿಮ್ಮಕ್ಕ ನಿನ್ನ ಹೆಸರನ್ನ ಒಂದ್ಸಲನೂ ಎತ್ತಿಲ್ಲ, ನೀನು ಅವಳಿಗೆ ಲೆಕ್ಕಕ್ಕೇ ಇಲ್ಲ ಅಂದ. ನಾನು ಅತ್ತೆ. ನಿಜವಾಗ್ಲೂ ಅತ್ತೆ ಅಕ್ಕ, ನಟನೆ ಅಲ್ಲ. ಆ ಹೊತ್ತಿಗೆ ನಾನೂ ಹಾಗೇ ಅಂದ್ಕೊಂಡಿದ್ದೆ."

"ಲೈನಾ..."

"ತಡಿ. ನನ್ನ ಅಳು ನೋಡಿ ಅವನಿಗೆ ನನ್ನ ಮೇಲೆ ನಂಬಿಕೆ ಬಂತು. ಕ್ರಿಸ್ಮಸ್‌ಗೆ ಯಾರಿಗೂ ಹೊರಗೆ ಹೋಗೋ ಚೀಟಿ ಕೊಡಲ್ಲ ಅಂದಿದ್ದವನು ನನಗೊಬ್ಬಳಿಗೆ ಬರೆದುಕೊಟ್ಟ. ಆ ಚೀಟಿ ಕೈಗೆ ಬಂದಾಗ್ಲೇ ನಂಗೆ ಗೊತ್ತಾಗಿದ್ದು, ನೀನು ಯಾಕೆ ನನ್ನನ್ನ ಪುಸ್ತಕದಿಂದ ಬಿಟ್ಟಿದೀಯ ಅಂತ."

ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ತನ್ನ ಮೇಲಂಗಿಯ ಅಂಚಿನಿಂದ ಮುಖ ಒರೆಸಿಕೊಂಡಳು. ನನಗೆ ಅಳಲೂ ಆಗಲಿಲ್ಲ. ಆ ಕುರ್ಚಿಯ ಹಿಂದೆ ಅವಳು ಎಷ್ಟು ಸಂಜೆ ಹಾಗೆ ನಿಂತಿದ್ದಳೋ.

"ಅಮ್ಮನ ವಿಷಯ ಓದುವಾಗ ತಟ್ಟೆ ನಡುಗದ ಹಾಗೆ ಹಿಡ್ಕೊಂಡಿದ್ದೆ. ಸರಿಯಾಗಿ ಕೇಳಿಸಿಕೊಳ್ಳೋಕೆ ಆಗ್ಲಿಲ್ಲ. ಈಗ ನೀನು ಓದು" ಅಂದಳು ಲೈನಾ. ಓದಲೆಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

ಓದಿದೆ. ಅಮ್ಮ ಒಲೆ ಮುಂದೆ ಕುಸಿದದ್ದು, ಗುಡಿಸಲಿಗೆ ಹೊತ್ತುಕೊಂಡು ಹೋದದ್ದು, ಊಟ ತಡವಾಗಬಾರದು ಎಂದು ಅವನು ಹೇಳಿಕಳಿ‌ಸಿದ್ದು. ನಾನು ಮುಖ ತೊಳೆದುಕೊಂಡು ಒಳಗೆ ಹೋದೆ ಎಂಬಲ್ಲಿ ಲೈನಾ ನನ್ನ ಮಂಡಿಯ ಮೇಲೆ ಕೈಯಿಟ್ಟಳು.

"ಅಲ್ಲಿ ನಾನೂ ಇದ್ನಲ್ಲ ಅಕ್ಕ."

"ಇದ್ದೆ ಕಣೇ. ಮಾಂಸದ ತಟ್ಟೆ ಹೊತ್ತಿದ್ದೆ."

"ಹಾಗಾದ್ರೆ ಹಾಗೇ ಓದು."

ಪುಟದ ಮೊದಲಿಗೆ ಹೋಗಿ, ಅವಳನ್ನು ಅವಳ ಜಾಗದಲ್ಲಿ ನಿಲ್ಲಿಸಿ, ಮತ್ತೆ ಓದಿದೆ.